ಕೈಯಿಡದ ಗಂಟು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಸದ್ದಿನ ನಡುವೆ ಅವಳು ಹತ್ತೊಂಬತ್ತು ವರ್ಷ ದುಡಿದಿದ್ದಳು. ಹೆತ್ತವರಿಟ್ಟ ಹೆಸರು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಾತುಮಾತಿಗೂ ದೇವರಿಗೆ ‘ಸ್ತೋತ್ರ’ ಎನ್ನುತ್ತಿದ್ದುದರಿಂದ ಸ್ತೋತ್ರಮ್ಮ. ಚರ್ಚಿನ ಭಾನುವಾರದ ಸಭೆಯಲ್ಲೂ ಅಷ್ಟೇ: ಕಾಯಿಲೆ ವಾಸಿಯಾದವರು, ಮನೆ ಕಟ್ಟಿಸಿದವರು ಎದ್ದು ದೇವರ ಉಪಕಾರಕ್ಕೆ ಸಾಕ್ಷಿ ಹೇಳುವಾಗ ಅವಳು ಕೊನೆಯ ಬೆಂಚಿನ ತುದಿಯಲ್ಲಿ ಕೂತು ಎಲ್ಲರಿಗಿಂತ ಗಟ್ಟಿಯಾಗಿ ಚಪ್ಪಾಳೆ ತಟ್ಟುವಳು. ಹೇಳಲು ಅವಳ ಬಳಿ ಏನಿತ್ತು?

ಒಂದು ರೂಢಿ ಮಾತ್ರ ಇತ್ತು. ಪಾಸ್ಟರ್ ರೋಗಿಗಳ ತಲೆಯ ಮೇಲೆ ಕೈಯಿಡುವಂತೆ, ಅವಳು ಒಗೆಯಲು ಬಂದ ಪ್ರತಿ ಬಟ್ಟೆಗಂಟಿನ ಮೇಲೂ ಎರಡೂ ಅಂಗೈ ಒತ್ತಿ, ಆ ಬಟ್ಟೆ ಹೊದ್ದವರಿಗಾಗಿ ಆವೇಶದಲ್ಲಿ ತಾನಾಗಿ ಬಾಯಿಗೆ ಬರುವ, ಯಾರಿಗೂ ತಿಳಿಯದ ಅನ್ಯಭಾಷೆಯಲ್ಲಿ ಪ್ರಾರ್ಥಿಸಿಯೇ ಯಂತ್ರಕ್ಕೆ ಹಾಕುವಳು.

ಅವತ್ತು ಸೂಪರ್‌ವೈಸರ್ ರೇಗಿದ. “ಬಟ್ಟೆಗೇನು ದೆವ್ವ ಹಿಡಿದಿದೆಯೇನಮ್ಮ? ಇನ್ನೊಂದ್ಸಲ ಗೊಣಗಿದ್ರೆ ನಾಳೆಯಿಂದ ಮನೇಲೇ ಇರು.”

ಅವಳು ತುಟಿ ಕಚ್ಚಿ, ಮುಂದಿನ ಗಂಟನ್ನು ಕೈಯಿಡದೆ ಒಳಗೆ ತಳ್ಳಿದಳು.

ಐದೇ ನಿಮಿಷ. ಆಪರೇಷನ್ ಥಿಯೇಟರಿನ ಸಿಸ್ಟರ್ ಏದುಸಿರು ಬಿಡುತ್ತ ಬಂದಳು. “ಒಂದು ಇಕ್ಕಳ ಕಮ್ಮಿ ಬರ್ತಿದೆ! ಒಳಗೇ ಉಳಿದಿದ್ರೆ? ಅದು ಸಿಗದೆ ಹೊಟ್ಟೆ ಹೊಲಿಯೋ ಹಾಗಿಲ್ಲ, ರೋಗಿಗೆ ಬಿಪಿ ಇಳೀತಿದೆ. ಯಾರೋ ಅವಸರದಲ್ಲಿ ಬಟ್ಟೆ ಕೆಳಗೆ ಕಳಿಸಿಬಿಟ್ಟಿದಾರೆ. ನಮ್ಮ ಗಂಟೆಲ್ಲಿ?”

ಸ್ತೋತ್ರಮ್ಮ ಯಂತ್ರದತ್ತ ತಿರುಗಿದಳು. ದುಂಡು ಗಾಜಿನಾಚೆ, ತಾನು ಕೈಯಿಡದೆ ತಳ್ಳಿದ ಗಂಟಿನ ಹಸಿರು ಬಟ್ಟೆ ನೊರೆಯಲ್ಲಿ ಉರುಳುತ್ತಿತ್ತು.

“ಮಧ್ಯದಲ್ಲಿ ನಿಲ್ಲಿಸಿದ್ರೆ ಮೋಟಾರು ಸುಟ್ಟುಹೋಗುತ್ತೆ. ತಾಳಿ, ಮೇಲೆ ಕೇಳ್ತೀನಿ,” ಎಂದು ಸೂಪರ್‌ವೈಸರ್ ಫೋನಿಗೆ ಕೈಹಾಕಿದ.

ಅವಳು ಹೋಗಿ ಕೆಂಪು ಗುಂಡಿ ಒತ್ತಿಬಿಟ್ಟಳು.

“ಏಯ್! ಕೆಲಸ ಹೋಯ್ತು ಅಂದ್ಕೋ!”

ನೀರು ಇಳಿಯುವುದೇ ಒಂದು ಯುಗವಾಯಿತು. ಬಾಗಿಲು ತೆರೆದದ್ದೇ ಬಿಸಿ ಬಟ್ಟೆಗಳನ್ನು ಎಳೆದು ನೆಲಕ್ಕೆ ಹಾಕಿ, ಮಂಡಿಯೂರಿ, ಕಣ್ಣು ಮುಚ್ಚಿ ಒಂದೊಂದನ್ನೇ ಅಂಗೈಯಿಂದ ಒತ್ತತೊಡಗಿದಳು. ಮೊದಲನೆಯದರಲ್ಲಿ ಇಲ್ಲ. ನಾಲ್ಕನೆಯದರಲ್ಲೂ ಇಲ್ಲ.

“ಬೇಗ ಹುಡುಕಮ್ಮ!” ಸಿಸ್ಟರ್ ಅಳುವಂತಿದ್ದಳು.

‘ಕರ್ತನೇ, ಯಾರೂ ನೋಡದ ನನ್ನನ್ನ ನೋಡಿದೋನು ನೀನು. ಇದನ್ನೂ ತೋರ್ಸು.’

ಏಳನೆಯ ಬಟ್ಟೆಯ ಮಡಿಕೆಯಲ್ಲಿ ಅಂಗೈಗೆ ಏನೋ ಗಟ್ಟಿಯಾಗಿ ಚುಚ್ಚಿತು.

ಸಿಸ್ಟರ್ ಇಕ್ಕಳ ಕಿತ್ತುಕೊಂಡು, ಅವಳ ಮುಖವನ್ನೂ ನೋಡದೆ ಓಡಿದಳು.  ಅರ್ಧ ಗಂಟೆಯ ಮೇಲೆ ಫೋನ್ ಬಂತು. ಸೂಪರ್‌ವೈಸರ್ ಕೇಳಿಸಿಕೊಂಡು ಮೆಲ್ಲನೆ ಕೆಳಗಿಟ್ಟ.

“ಹೊಲಿಗೆ ಹಾಕಿದ್ರಂತೆ. ಜೀವ ಉಳೀತು.”

“ಸ್ತೋತ್ರ,” ಎಂದಳು ಅವಳು. 

 ಅವನು ಮುಂದಿನ ಗಂಟನ್ನು ತಾನೇ ಎತ್ತಿ ತಂದು ಅವಳ ಮುಂದಿಟ್ಟ.

“ಕೈಯಿಟ್ಟು ಕೊಡಮ್ಮ. ಆದ್ರೆ ಬೇಗ.”