ಚಪ್ಪಾಳೆ ಬೇಡದ ಹಾಡು

ನನ್ನ ಚಿಕ್ಕಮ್ಮನನ್ನು ನೋಡಬೇಕೆಂದರೆ ಬಟ್ಟೆ ಅಂಗಡಿಯ ಮೂರನೆಯ ಮಹಡಿಗೆ ಹೋಗಬೇಕು. ಪ್ಯಾಂಟುಗಳ ಸಾಲು ದಾಟಿ, ಬಟ್ಟೆ ತೊಟ್ಟು ನೋಡುವ ಕೋಣೆಗಳ ಕೊನೆಯಲ್ಲಿ, ‘ಆಲ್ಟರೇಷನ್’ ಎಂಬ ಬೋರ್ಡಿನ ಕೆಳಗೆ ಒಂದು ಮೇಜು, ಒಂದು ಹೊಲಿಗೆ ಯಂತ್ರ, ಒಂದು ಸ್ಟೂಲು. ಇಪ್ಪತ್ತೆಂಟು ವರ್ಷದಿಂದ ಅವಳು ಅಲ್ಲಿ ಜನರ ಕಾಲ ಬುಡದಲ್ಲಿ ಕೂತು ಅಂಚು ಮಡಿಚುತ್ತಿದ್ದಾಳೆ. ತುಟಿಗಳ ನಡುವೆ ಸದಾ ನಾಲ್ಕು ಗುಂಡುಪಿನ್ನು. ಒಂದು ಸೀನು ಬಂದರೆ ಏನು ಗತಿ ಎಂದು ನನಗೆ ಚಿಕ್ಕಂದಿನಿಂದಲೂ ಹೆದರಿಕೆ. ನನಗೆ ಮಗ ಹುಟ್ಟಿದ ಮೇಲಂತೂ ಅವಳ ಮನೆಗೆ ಹೋದಾಗಲೆಲ್ಲ ನಾನು ಮೊದಲು ನೆಲವನ್ನು ಅಂಗೈಯಿಂದ ಸವರಿ ನೋಡುತ್ತೇನೆ. ಅವಳು ನಗುತ್ತಾಳೆ. ಸೀನನ್ನು ನಾಳೆ ಬಾ ಎಂದು ಕಳಿಸುವುದು ತನಗೆ ಗೊತ್ತು ಅನ್ನುತ್ತಾಳೆ.

ಬಾಯಿ ಬಿಡುವ ಹಾಗಿಲ್ಲದ ಕೆಲಸ. ಆದ್ದರಿಂದ ಗುನುಗುತ್ತಿದ್ದಳು, ಯಾವಾಗಲೂ ಒಂದೇ ಹಾಡನ್ನು. ಅದು ಒಂದು ಹಳೆಯ ಜರ್ಮನ್ ನಾಟಕದ್ದು. ಇಪ್ಪತ್ಮೂರರ ವಯಸ್ಸಿನಲ್ಲಿ ಅವಳು ಒಂದು ನಾಟಕ ತಂಡಕ್ಕೆ ಉಡುಪು ಹೊಲಿಯುತ್ತಿದ್ದಳು. ಆ ನಾಟಕದಲ್ಲಿ ಊರ ಬಾಗಿಲಲ್ಲಿ ಕೂತು ಯುದ್ಧಕ್ಕೆ ಹೋಗುವವರ ಕೋಟಿಗೆ ಗುಂಡಿ ಹೊಲಿಯುವ ಹೆಂಗಸೊಬ್ಬಳು ಹಾಡುತ್ತಾಳೆ: ಎಷ್ಟು ಗುಂಡಿ ಹೊಲಿದೆನೋ, ಸಡಿಲವಾಯಿತು ಎಂದು ಒಬ್ಬನೂ ವಾಪಸು ಬರಲಿಲ್ಲ. ಹಾಡಬೇಕಿದ್ದ ನಟಿಯ ಗಂಟಲು ಕಟ್ಟಿತು. ಹೊಲಿಯುತ್ತಾ ಕೇಳುತ್ತಾ ಇಡೀ ಹಾಡು ಬಾಯಿಪಾಠವಾಗಿದ್ದ ಚಿಕ್ಕಮ್ಮನನ್ನು ರಂಗಕ್ಕೆ ತಳ್ಳಿದರು. ನಿರ್ದೇಶಕರದು ಒಂದೇ ಕಟ್ಟಪ್ಪಣೆ. ಹಾಡು ಮುಗಿದೊಡನೆ ದೀಪ ಆರುತ್ತದೆ, ಹತ್ತು ಎಣಿಸುವವರೆಗೆ ಕತ್ತಲು, ಆ ಕತ್ತಲಲ್ಲಿ ಯಾರೂ ಚಪ್ಪಾಳೆ ತಟ್ಟಬಾರದು. ತಟ್ಟಿದರೆ ಜನರ ಎದೆಯ ಭಾರ ಇಳಿದುಹೋಗುತ್ತದೆ, ಭಾರ ಹೊತ್ತುಕೊಂಡೇ ಮನೆಗೆ ಹೋಗಲಿ.

ಇದು ನಮ್ಮ ಮನೆಯಲ್ಲಿ ದೊಡ್ಡ ತಮಾಷೆಯಾಗಿತ್ತು. ಅಮ್ಮನ ಸಾರಿಗೆ ಉಪ್ಪು ಜಾಸ್ತಿಯಾಗಿ ಎಲ್ಲರೂ ತೆಪ್ಪಗೆ ಉಣ್ಣುತ್ತಿದ್ದರೆ ಅಪ್ಪ, “ನಿರ್ದೇಶಕರು ಮೆಚ್ಚಿದ್ದಾರೆ ಕಣೇ” ಎನ್ನುತ್ತಿದ್ದರು. ಚಿಕ್ಕಮ್ಮ ಹನ್ನೊಂದು ಪ್ರದರ್ಶನಗಳಲ್ಲಿ ಹಾಡಿದಳು. ಹನ್ನೆರಡನೆಯದರಲ್ಲಿ ಯಾಕೆ ಹಾಡಲಿಲ್ಲ ಎಂದು ನಾವು ಯಾರೂ ಕೇಳಲಿಲ್ಲ.

ಹೋದ ವರ್ಷ ಪ್ಯಾಂಟು ಗಿಡ್ಡ ಮಾಡಿಸಲು ಒಬ್ಬ ದಪ್ಪನೆಯ ಮನುಷ್ಯ ಬಂದರು. ಒಂದು ಹೋಟೆಲಿನ ಊಟದ ಹಾಲ್‌ನಲ್ಲಿ ಭಾನುವಾರ ಮಧ್ಯಾಹ್ನ ಪಿಯಾನೊ ನುಡಿಸುವವರು. ಕಾಲ ಬುಡದಿಂದ ಏಳುತ್ತಿದ್ದ ಗುನುಗನ್ನು ಕೇಳಿ ಅಲ್ಲಾಡದೆ ನಿಂತರಂತೆ. ಆಮೇಲೆ ತಿಂಗಳೆರಡು ತಿಂಗಳು ಇಬ್ಬರೂ ಅಂಗಡಿ ಮುಚ್ಚಿದ ಮೇಲೆ ಕೂತು ಆ ಹಾಡನ್ನು ಜಾಝ್‌ಗೆ ತಿರುಗಿಸಿದರು. ಹಾಗೆಂದರೆ ಏನು ಮಾಡಿದಿರಿ ಎಂದು ಕೇಳಿದೆ. “ಅದೇ ಕೋಟು ಕಣೇ ಪುಟ್ಟಿ,” ಎಂದಳು, “ಹೊಲಿಗೆ ಬಿಚ್ಚಿ, ಸಡಿಲ ಮಾಡಿ ಮತ್ತೆ ಹೊಲಿದಿದ್ದಾರೆ. ಈಗ ಕೈ ಎತ್ತಿದ್ರೆ ಬಿಗಿಯೋದಿಲ್ಲ.”

ಹೋಟೆಲಿನ ಮ್ಯಾನೇಜರ್ ಮೂರು ಭಾನುವಾರ ನೋಡೋಣ ಎಂದರು. ಜನ ಮೆಚ್ಚಿದರೆ ಪ್ರತಿ ವಾರ, ಇಲ್ಲದಿದ್ದರೆ ಇಲ್ಲ. ಐವತ್ತೊಂಬತ್ತರ ವಯಸ್ಸಿನಲ್ಲಿ ಚಿಕ್ಕಮ್ಮ ನೀಲಿ ಬಟ್ಟೆಯೊಂದನ್ನು ತನಗಾಗಿ ಹೊಲಿದುಕೊಂಡಳು. ತನಗೆಂದು ಅವಳು ಹೊಲಿದುಕೊಂಡದ್ದನ್ನು ನಾನು ಅದೇ ಮೊದಲು ನೋಡಿದ್ದು.

ಮೊದಲ ಭಾನುವಾರ ನಾನು ಹತ್ತು ತಿಂಗಳ ಮಗನನ್ನು ಎತ್ತಿಕೊಂಡು ಬಾಗಿಲ ಹತ್ತಿರದ ಮೇಜಿನಲ್ಲಿ ಕೂತೆ, ಅತ್ತರೆ ಹೊರಗೆ ಓಡಬಹುದಲ್ಲ. ಅವನ ಹಣೆ ಸ್ವಲ್ಪ ಬಿಸಿಯಿದೆಯೇನೋ ಎಂಬ ಅನುಮಾನ ಬೇರೆ. ಹಾಡು ಶುರುವಾಯಿತು. ದನಿ ಸಣ್ಣದು, ಅಂಚು ಸವೆದದ್ದು, ಆದರೆ ಪಿಯಾನೊ ಅದರ ಹಿಂದೆ ನಿಧಾನವಾಗಿ ಓಲಾಡಿಕೊಂಡು ಬರುತ್ತಿತ್ತು. ನನಗೆ ಮೈ ಜುಮ್ಮೆಂದಿತು. ಸುತ್ತ ನೋಡಿದೆ. ಒಬ್ಬರು ಕುರ್ಚಿ ಎಳೆದುಕೊಂಡು ಸ್ಪೀಕರಿನಿಂದ ದೂರ ಸರಿದರು. ಕಾಲೇಜು ಹುಡುಗಿಯರಿಬ್ಬರು ಫೋನೆತ್ತಿ, ಎರಡು ಸಾಲು ಚಿತ್ರೀಕರಿಸಿ, ನೋಡಿ, ಅಳಿಸಿದರು. ಮಧ್ಯದ ದೊಡ್ಡ ಮೇಜಿನಿಂದ, ಹುಟ್ಟುಹಬ್ಬದ ಹಾಡು ಬರುತ್ತಾ ಎಂದು ಪಿಯಾನೊದವರಿಗೆ ಚೀಟಿ ಹೋಯಿತು. ಒಬ್ಬ ಮುದುಕರು ಮಾತ್ರ ಕಣ್ಣು ಮಿಟುಕಿಸದೆ ಚಿಕ್ಕಮ್ಮನ ಕಡೆಗೇ ನೋಡುತ್ತಿದ್ದರು. ಅವಳ ಬೆನ್ನ ಹಿಂದೆ ಅವರ ಊಟದ ಬಿಲ್ ತರಬೇಕಾದ ಮಾಣಿ ನಿಂತಿದ್ದ.

ಹಾಡು ಮುಗಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಚಿಕ್ಕಮ್ಮ ಕಣ್ಣು ಮುಚ್ಚಿ ನಿಂತಳು. ಅವಳ ತುಟಿ ಹತ್ತರವರೆಗೆ ಎಣಿಸುವುದು ನನಗೆ ಕಾಣುತ್ತಿತ್ತು.

ಹೊರಗೆ ಬಂದವಳ ಮುಖ ಇಷ್ಟಗಲವಾಗಿತ್ತು. “ನೋಡ್ದೇನೇ? ಒಬ್ರೂ ಕೈ ತಟ್ಟಲಿಲ್ಲ. ಆ ಹಿರಿಯರಂತೂ ಕಣ್ಣೇ ಕೀಳಲಿಲ್ಲ.”

ನಾನು ಹೂಂ ಎಂದೆ. ಮನೆಯ ತಮಾಷೆ ಅವಳಿಗೆ ತಮಾಷೆಯಾಗಿರಲೇ ಇಲ್ಲ ಎಂದು ಆಗ ಹೊಳೆಯಿತು.

ಎರಡನೆಯ ಭಾನುವಾರವೂ ಅದೇ ಕತೆ. ಮ್ಯಾನೇಜರ್ ನನ್ನನ್ನು ಮಕ್ಕಳ ಕುರ್ಚಿಗಳನ್ನು ಪೇರಿಸಿಟ್ಟ ಮೂಲೆಗೆ ಕರೆದರು. ಕೆಟ್ಟವರೇನಲ್ಲ, ಮಗುವಿನ ಕೆನ್ನೆ ಮುಟ್ಟಿ ಮಾತಾಡಿದರು. ಜನ ಮುಖ ಇಳಿಬಿಟ್ಟುಕೊಂಡು ಊಟ ಮಾಡುತ್ತಿದ್ದಾರೆ, ಒಂದು ಚಪ್ಪಾಳೆಯೂ ಇಲ್ಲ, ಮುಂದಿನ ವಾರವೂ ಹೀಗೇ ಆದರೆ ಅಲ್ಲೊಂದು ಟಿವಿ ಹಾಕಿಸುತ್ತೇನೆ ಎಂದರು. ಅದನ್ನು ಅವಳಿಗೆ ನಾನೇ ಹೇಳಿದರೆ ಒಳ್ಳೆಯದಂತೆ.

ಹೇಳುವ ಬಾಯಿ ನನಗಿರಲಿಲ್ಲ. ಆ ವಾರವೆಲ್ಲ ನಿದ್ದೆ ಬರಲಿಲ್ಲ, ಹಾಲು ಉಕ್ಕಿಸಿದೆ, ಮಗನಿಗೆ ಔಷಧಿ ಕೊಟ್ಟೆನೋ ಇಲ್ಲವೋ ಎಂದು ಮರೆತು ಡಾಕ್ಟರಿಗೆ ಎರಡು ಸಲ ಫೋನ್ ಮಾಡಿದೆ. ಶುಕ್ರವಾರ ನಮ್ಮನೆಯವರು ಸಲೀಸಾಗಿ ಅಂದರು, ಚಪ್ಪಾಳೆ ತಾನೇ, ನಾವೇ ತಟ್ಟೋಣ. ಅವರ ಆಫೀಸಿನಿಂದ ನಾಲ್ಕು ಜನ, ಕೆಳಮನೆಯ ಅಕ್ಕ, ಅವರ ತಂಗಿ. ಹಾಡು ಮುಗಿದು ಹತ್ತು ಎಣಿಸಿ ಆಮೇಲೆ ತಟ್ಟಿ ಎಂದು ನಾನು ಎಲ್ಲರಿಗೂ ಬಿಡಿಸಿ ಬಿಡಿಸಿ ಹೇಳಿದೆ. ಮೌನವೂ ಉಳಿಯುತ್ತದೆ, ಭಾನುವಾರವೂ ಉಳಿಯುತ್ತದೆ ಎಂದು ನನ್ನ ಲೆಕ್ಕ. ಕೆಳಮನೆಯ ಅಕ್ಕ, ಮನಸ್ಸಿನಲ್ಲಿ ಎಣಿಸಬೇಕೋ ಬೆರಳಿನಲ್ಲೋ ಎಂದು ಕೇಳಿದರು.

ಮೂರನೆಯ ಭಾನುವಾರ ಅವಳು ಯಾವತ್ತಿಗಿಂತ ಚೆನ್ನಾಗಿ ಹಾಡಿದಳು. ಕಿಟಕಿ ಪಕ್ಕ ಒಬ್ಬಳೇ ಕೂತು ಉಣ್ಣುತ್ತಿದ್ದ ಹೆಂಗಸೊಬ್ಬಳು ಎರಡನೆಯ ಸಾಲಿಗೆ ಚಮಚ ಕೆಳಗಿಟ್ಟಳು. ಮತ್ತೆ ಎತ್ತಿಕೊಳ್ಳಲಿಲ್ಲ. ಕೈಯೆರಡನ್ನೂ ಮಡಿಲಲ್ಲಿಟ್ಟುಕೊಂಡು ತಟ್ಟೆಯನ್ನು ದಿಟ್ಟಿಸುತ್ತಾ ಕೂತಳು. ಚಿಕ್ಕಮ್ಮ ಅದನ್ನು ನೋಡಿದಳು. ಕೊನೆಯ ಸಾಲನ್ನು ಅವಳೊಬ್ಬಳಿಗೇ ಹಾಡಿದಳು.

ಸ್ವರ ಇನ್ನೂ ಗಾಳಿಯಲ್ಲಿತ್ತು. ನಮ್ಮನೆಯವರು ತಟ್ಟಿಯೇಬಿಟ್ಟರು.

ಎಣಿಸಲಿಲ್ಲವೇ ಎಂದು ಆಮೇಲೆ ಕೇಳಿದ್ದಕ್ಕೆ, ಹಾಡು ಅಷ್ಟು ಚೆನ್ನಾಗಿತ್ತು, ಎಣಿಸುವುದು ಮರೆತುಹೋಯಿತು ಎಂದರು. ಸುಳ್ಳಲ್ಲ. ಅವರ ಹಿಂದೆ ಆಫೀಸಿನವರು, ಕೆಳಮನೆಯ ಅಕ್ಕ, ಆಮೇಲೆ ಇಡೀ ಊಟದ ಹಾಲ್. ಹುಟ್ಟುಹಬ್ಬ, ಮದುವೆಯ ವಾರ್ಷಿಕೋತ್ಸವ ಎಂದು ಬಂದವರೆಲ್ಲ ತಟ್ಟಿದರು. ಮ್ಯಾನೇಜರ್ ತಾವೂ ತಟ್ಟುತ್ತಾ ನನ್ನ ಕಡೆ ತಲೆಯಾಡಿಸಿದರು. ಕಿಟಕಿ ಪಕ್ಕದ ಹೆಂಗಸು ಬೆಚ್ಚಿದವಳಂತೆ ಸುತ್ತ ನೋಡಿ, ತಾನೂ ನಾಲ್ಕು ಸಲ ತಟ್ಟಿ, ಚಮಚ ಎತ್ತಿಕೊಂಡಳು.

ಚಿಕ್ಕಮ್ಮ ಮೈಕನ್ನು ಪಿಯಾನೊದ ಮೇಲಿಟ್ಟು, ಹಾಡು ಬರೆದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಇಳಿದು ಬಂದಳು.

ಮಗನಿಗೆ ಬಸ್ಸಿನ ಜೋಗುಳವೇ ಇಷ್ಟ, ನಾವು ಬಸ್ಸಿನಲ್ಲಿ ಬರುತ್ತೇವೆ ಎಂದು ಎಲ್ಲರನ್ನೂ ಕಳಿಸಿದೆ. ನಿಲ್ದಾಣದಲ್ಲಿ ಅವನು ನನ್ನ ಹೆಗಲ ಮೇಲೆ ನಿದ್ದೆಹೋಗಿದ್ದ. ಚಿಕ್ಕಮ್ಮ ಬಸ್ಸು ಬರುವ ದಿಕ್ಕನ್ನು ನೋಡುತ್ತಾ ಮಾತಾಡಿದಳು.

“ಹನ್ನೊಂದನೇ ಪ್ರದರ್ಶನದಲ್ಲಿ ಕತ್ತಲಲ್ಲಿ ಯಾರೋ ಒಬ್ರು ತಟ್ಟಿದ್ರು. ಆಮೇಲೆ ಎಲ್ರೂ. ಮಾರನೇ ದಿನ ನಿರ್ದೇಶಕರು ಹಾಡನ್ನ ಬೇರೆಯವಳಿಗೆ ಕೊಟ್ರು. ನೀನು ಮೆಚ್ಚಿಸೋಕೆ ಹೊರಟೆ, ಅದಕ್ಕೇ ತಟ್ಟಿದ್ರು ಅಂದ್ರು. ನಾನು ಮತ್ತೆ ಹೊಲಿಗೆಗೆ ಕೂತೆ.” ನೀಲಿ ಬಟ್ಟೆಯ ಅಂಚನ್ನು ಬೆರಳಲ್ಲಿ ತೀಡಿದಳು. “ಇಷ್ಟು ವರ್ಷ ಮನಸ್ಸಲ್ಲೇ ತಿದ್ಕೊಂಡು ತಿದ್ಕೊಂಡು ಬಂದೆ. ಮತ್ತೆ ಅದೇ ತಪ್ಪು ಮಾಡ್ದೆ ನೋಡು.”

“ನೀನು ಮಾಡಿಲ್ಲ ಚಿಕ್ಕಮ್ಮ. ನಾನೇ ಹೇಳಿ ತಟ್ಟಿಸಿದ್ದು.”

ಯಾಕೆ ಎಂದು ಕೇಳಿದಳು. ಅರ್ಧ ಹೇಳಿ ಅರ್ಧ ನುಂಗುವುದು ನನಗೆ ಬರುವುದಿಲ್ಲ. ಮ್ಯಾನೇಜರ್ ಹೇಳಿದ್ದು, ಟಿವಿ, ಎಲ್ಲ ಬಾಯಿಗೆ ಬಂತು. ಕಿಟಕಿ ಪಕ್ಕದ ಹೆಂಗಸು ನಿಜವಾಗಿಯೂ ಕೇಳುತ್ತಿದ್ದಳು ಎಂದೂ ಸೇರಿಸಿದೆ.

“ಅವಳೂ ತಟ್ಟಿದ್ಲು,” ಎಂದಳು. ಆಮೇಲೆ ನನ್ನ ಮುಖವನ್ನೇ ನೋಡುತ್ತಾ ಕೇಳಿದಳು, “ಹಾಗಾದ್ರೆ ಪುಟ್ಟಿ, ಮೊದಲೆರಡು ವಾರ ಅವರೆಲ್ಲ ಸುಮ್ಮನಿದ್ದದ್ದು?”

ನಾನು ಮಗನ ಬೆನ್ನು ತಟ್ಟುತ್ತಾ ನಿಂತೆ. ಅವನು ಎದ್ದಿರಲಿಲ್ಲ, ತಟ್ಟುವ ಅಗತ್ಯವೂ ಇರಲಿಲ್ಲ. ಬಸ್ಸು ಬಂತು.

ಮ್ಯಾನೇಜರ್ ಮೂರು ಸಲ ಫೋನ್ ಮಾಡಿ ಪ್ರತಿ ಭಾನುವಾರ ಬನ್ನಿ ಎಂದರು. ಕಣ್ಣು ಮಂಜು, ಮೆಟ್ಟಿಲು ಹತ್ತಲಾಗುವುದಿಲ್ಲ ಎಂದು ಚಿಕ್ಕಮ್ಮ ನನ್ನಿಂದ ಹೇಳಿಸಿದಳು. ಮೂರನೆಯ ಮಹಡಿಯನ್ನು ದಿನಾ ಹತ್ತುವವಳು. ಪಿಯಾನೊದವರು ತಿಂಗಳು ಒಬ್ಬರೇ ನುಡಿಸಿದರು. ಈಗ ಅಲ್ಲಿ ಟಿವಿ ಇದೆ.

ಹೋದ ವಾರ ನಮ್ಮನೆಯವರ ಹೊಸ ಪ್ಯಾಂಟು ಉದ್ದವಾಯಿತು. ಹೋಗಲು ಅವರಿಗೆ ಮುಖವಿರಲಿಲ್ಲ, ನಾನೇ ಎಳೆದುಕೊಂಡು ಹೋದೆ. ಚಿಕ್ಕಮ್ಮ ಎಂದಿನಂತೆ ಮಗನ ಕೈಗೆ ಖಾಲಿ ನೂಲಿನ ರೀಲು ಕೊಟ್ಟು, ತುಟಿಗಳ ನಡುವೆ ಪಿನ್ನು ಕಚ್ಚಿಕೊಂಡು, ಅವರ ಕಾಲ ಬುಡದಲ್ಲಿ ಕೂತಳು. ನಾನು ಆ ಗುನುಗಿಗೆ ಕಿವಿಗೊಟ್ಟು ನಿಂತೆ. ಪಕ್ಕದ ಕೋಣೆಯಲ್ಲಿ ಯಾರೋ ಜಿಪ್ಪು ಎಳೆದ ಸದ್ದು, ಬಟ್ಟೆಯೊಳಗೆ ಪಿನ್ನು ಇಳಿಯುವ ಸದ್ದು, ಅಷ್ಟೇ. ನಮ್ಮನೆಯವರು ಚಾವಣಿ ನೋಡುತ್ತಾ ಗೊಂಬೆಯ ಹಾಗೆ ನಿಂತಿದ್ದರು.

ಅವಳು ಎದ್ದು ರಸೀದಿ ಹರಿದು ಕೊಟ್ಟಳು. ಮದುವೆಯಾದಾಗಿನಿಂದ ಅವರನ್ನು ಬಾಯ್ತುಂಬ ಅಳಿಯಂದ್ರೇ ಎಂದು ಕರೆಯುತ್ತಿದ್ದವಳು, ಬಾಯಿಂದ ಕೊನೆಯ ಪಿನ್ನು ತೆಗೆದು, “ಗುರುವಾರ ಬನ್ನಿ,” ಎಂದಳು. ಆಮೇಲೆ ನಮ್ಮ ಹಿಂದೆ ಸಾಲಿನಲ್ಲಿ ನಿಂತಿದ್ದವರ ಪ್ಯಾಂಟಿಗೆ ಕೈಚಾಚಿದಳು.