ಊಟದ ಮುಂಚಿನ ಗುಳಿಗೆ

ಎಂಡೋಸ್ಕೋಪಿಯಲ್ಲಿ ಅವ್ವನ ಹೊಟ್ಟೆಯಲ್ಲಿ ಏನೂ ಕಾಣಲಿಲ್ಲ. ಆದರೂ ಎರಡು ತುತ್ತಿಗೇ ಹೊಟ್ಟೆ ಉಬ್ಬುತ್ತಿದ್ದುದರಿಂದ ಡಾಕ್ಟರು ಊಟದ ಮುಂಚೆ ಸಿಸಾಪ್ರೈಡ್ ಗುಳಿಗೆ ಬರೆದರು. ಮುಂದೆ ಗಂಟಲು ಕೆಟ್ಟಾಗ ನಾವಿದ್ದ ಮರಾಠಿ ಬಡಾವಣೆ ಧನಕವಡಿಯ ಇನ್ನೊಬ್ಬ ಡಾಕ್ಟರು ಎರಿಥ್ರೋಮೈಸಿನ್ ಗುಳಿಗೆ ಕೊಡುತ್ತ, ಬೇರೆ ಔಷಧ ನಡೆದಿದೆಯೇ ಎಂದು ಕೇಳಿದರು. ಅವ್ವ ಇಲ್ಲವೆಂದಳು. ಹೊರಗೆ ಬಂದ ಮೇಲೆ, ದಿನಾ ನುಂಗುವ ಹೊಟ್ಟೆಯ ಗುಳಿಗೆಯನ್ನು ಏಕೆ ಹೇಳಲಿಲ್ಲವೆಂದು ನಾನು ಆಕ್ಷೇಪಿಸಿದೆ.

"ಅದೂ ಒಂದು ಔಷಧೇನ, ಹುಚ್ಚಿ? ಊಟಕ್ಕ ಮೊದಲ ಅಜವಾನ ತಿಂದಂಗ ಅದ," ಎಂದಳು. ನಾನೂ ನಕ್ಕುಬಿಟ್ಟೆ.

ಮೂರನೆಯ ದಿನ ರೊಟ್ಟಿ ಬಡಿಯುತ್ತಲೇ ಅವ್ವ ಕುಸಿದಳು. ಆಸ್ಪತ್ರೆಯಲ್ಲಿ ನಾನು ಎರಡೂ ಗುಳಿಗೆಗಳ ಹೆಸರು ಹೇಳಿದಾಗ, ಇಸಿಜಿ ಹಿಡಿದಿದ್ದ ಡಾಕ್ಟರು ಮರಾಠಿಯಲ್ಲಿ ಕೂಗಿದರು: ಇವೆರಡೂ ಕೂಡಿದರೆ ಎದೆಬಡಿತವೇ ನಿಲ್ಲಬಹುದು.

ಅವ್ವ ಉಳಿದಳು. ಆದರೆ ಆ ಮೂರು ದಿನವೂ ಎರಡೂ ಗುಳಿಗೆಗಳನ್ನು ನೀರಿನೊಡನೆ ಅವಳ ಕೈಗಿಟ್ಟವಳು ನಾನೇ.