ಕವರಿನ ಮನೆಗೆ ದೃಷ್ಟಿ ತೆಗೆದದ್ದು

ಸಂಜೆ ನಾಲ್ಕೂ ಮುಕ್ಕಾಲಿಗೆ ಸುಮಾಳ ಅಮ್ಮ ಕರ್ಪೂರ ಹಚ್ಚಿದರು. ಗೆಳತಿ ಸುಮಾಳ ಕಲಾಪ್ರದರ್ಶನ ನೋಡಲೆಂದೇ ನಾನು ಧಾರವಾಡದಿಂದ ಜಯನಗರಕ್ಕೆ ಬಂದಿದ್ದೆ. ಹಳೆಯ ಬಂಗಲೆಯೊಂದರ ನಡುಮನೆಯಲ್ಲಿ ಅವಳು ಅಂಗಡಿಗಳ ಪ್ಲಾಸ್ಟಿಕ್ ಕವರುಗಳನ್ನು ಹೊಲಿದು ಪುಟ್ಟ ಮನೆ ಕಟ್ಟಿದ್ದಳು. ಗೋಡೆ, ಸೂರು, ಬಾಗಿಲು ಎಲ್ಲವೂ ಕವರು. ಬಂದವರು ತಾವು ಸೀರೆ, ಚಪ್ಪಲಿ ಕೊಂಡ ಅಂಗಡಿಯ ಹೆಸರು ಹುಡುಕಿ ಬೆರಳಿಟ್ಟು ತೋರಿಸುತ್ತಿದ್ದರು.

"ಹೊಸ ಮನೆ ಕಣೇ, ದೃಷ್ಟಿ ತೆಗೀದೆ ಹೇಗೆ ಬಿಡ್ಲಿ?" ಎನ್ನುತ್ತ ಅಮ್ಮ ಉರಿಯುವ ಕರ್ಪೂರವಿಟ್ಟ ಬೂದುಗುಂಬಳ ಹಿಡಿದು ಒಳಗೇ ಹೋದರು.

"ಅಮ್ಮಾ, ಇದು ಯಾರೂ ಇರೋ ಮನೆ ಅಲ್ಲಮ್ಮ!" ಸುಮಾ ನಕ್ಕಳು. ನಾವೂ ನಕ್ಕೆವು. ಅಷ್ಟರಲ್ಲಿ ಕರ್ಪೂರದ ಉರಿ ಸೂರಿಗೆ ತಾಗಿತು.

ಪ್ಲಾಸ್ಟಿಕ್ ಹೊತ್ತಿದರೆ ಬೆಂಕಿ ಹನಿಹನಿಯಾಗಿ ಕೆಳಗೆ ಬೀಳುತ್ತದೆಂದು ನನಗೆ ಗೊತ್ತಿರಲಿಲ್ಲ. ಆ ಹನಿಗಳ ಕೆಳಗೆ ಅಮ್ಮ ತಲೆಗೆ ಎರಡೂ ಕೈ ಅಡ್ಡ ಹಿಡಿದು ನಿಂತುಬಿಟ್ಟಿದ್ದರು. ಬಾಗಿಲು ಕರಗಿ ಅಂಟಿಕೊಂಡಿತ್ತು. ಹಿಂದಿನ ಗೋಡೆಯನ್ನೇ ಹರಿದು ಅವರನ್ನು ಎಳೆದುಕೊಂಡೆವು.

ಧಾರವಾಡಕ್ಕೆ ಮರಳಿದ ಮೇಲೂ ನಲ್ಲಿ ತೊಟ್ಟಿಕ್ಕಿದರೆ ಸಾಕು, ಎದ್ದು ಕೂರುತ್ತಿದ್ದೆ. ಹದಿನೇಳನೆಯ ದಿನ ಸುಮಾ ಫೋನ್ ಮಾಡಿ ಅಮ್ಮನ ಕಿವಿಗೆ ರಿಸೀವರ್ ಹಿಡಿದಳು.

"ಬೆರಳು ಮಡಿಚೋಕೆ ಬರ್ತಿದೆ ಕಣಮ್ಮ. ಇವತ್ತು ಅನ್ನ ನಾನೇ ಕಲಸ್ಕೊಂಡೆ."

ಅಂದು ನಾನು ಬೆಳಗಾಗುವವರೆಗೂ ನಿದ್ದೆ ಮಾಡಿದೆ.